ತೂಕ ನೋಡಿ ತಂದ ಬೇಸ್ ಗಿಟಾರ್

ನಮ್ಮ ಮನೆಗೆ ಬಂದವರು ಈಗೀಗ ಕೊಟ್ಟ ನೀರು ಕುಡಿಯುವ ಮೊದಲೇ ಮೂಲೆಯತ್ತ ಕೈ ಮಾಡಿ "ಅದೇನ್ರೀ?" ಎನ್ನುತ್ತಾರೆ. ದೇವರ ಕೋಣೆಯ ಬಾಗಿಲಿಗೂ ಜೋಳದ ಕಣಜಕ್ಕೂ ನಡುವೆ ಒಂದು ಕಪ್ಪು ಚೀಲ ಗೋಡೆಗೆ ಒರಗಿ ನಿಂತಿದೆ. ಮೇಲೆ ಸಣ್ಣ, ಕೆಳಗೆ ಅಗಲ. ಬಂದೂಕು ಎಂದವರಿದ್ದಾರೆ. ನಿಲಂಗಾದ ನಮ್ಮ ಬೀಗರು ಅದನ್ನು ಬೆಳೆಗೆ ಔಷಧ ಹೊಡೆಯುವ ಹೊಸ ನಮೂನೆಯ ಪಂಪೆಂದು ತಿಳಿದು, ಎಷ್ಟು ಲೀಟರು ಹಿಡಿಯುತ್ತದೆ ಎಂದು ಕೇಳಿದರು. ನಾನು "ಬೇಸ್ ಗಿಟಾರ್" ಎನ್ನುತ್ತೇನೆ. "ಯಾರ್ದು?" ಎನ್ನುತ್ತಾರೆ. "ನಮ್ಮ ಮನಿಯಾಕಿದು." ಆಗ ಅವರ ಮುಖ ಹೇಗಾಗುತ್ತದೆ ಎಂಬುದನ್ನು ನೀವು ನೋಡಬೇಕು. ಆದರೆ ನಾನು ನಗುವುದಿಲ್ಲ. ನಗುವ ಹಕ್ಕು ನನಗಿಲ್ಲ. ಮೊದಲ ಸಲ ಆ ಮಾತು ಕೇಳಿದಾಗ ನನ್ನ ಮುಖ ಅವರದಕ್ಕಿಂತ ಕೆಟ್ಟದಾಗಿತ್ತು.

ನಾನು ಉದಗೀರದ ಮೋಂಢಾದಲ್ಲಿ, ಅಂದರೆ ನಮ್ಮ ಧಾನ್ಯದ ಪೇಟೆಯಲ್ಲಿ, ತೊಗರಿ, ಸೋಯಾಬೀನ್ ವ್ಯಾಪಾರ ಮಾಡುವವನು. ನಮ್ಮ ಕಸುಬಿನಲ್ಲಿ ಬೆಳಿಗ್ಗೆ ಒಂದು ಧಾರಣೆ, ಮಧ್ಯಾಹ್ನ ಇನ್ನೊಂದು. ಹಾಗಾಗಿ ಯಾವ ಸುದ್ದಿ ಬಂದರೂ ಅಲುಗಾಡದ ಗಟ್ಟಿ ಎದೆ ನನ್ನದು ಎಂದು ನಾನೇ ನನ್ನ ಬಗ್ಗೆ ತಿಳಿದುಕೊಂಡಿದ್ದೆ. ಹೋದ ಆಷಾಢದ ಒಂದು ಬೆಳಿಗ್ಗೆ ನನ್ನ ಹೆಂಡತಿ ಮಹಾನಂದಾ ಚಹಾದ ಕಪ್ಪು ಕೈಗೆ ಕೊಡುತ್ತ, ಕೊತ್ತಂಬರಿ ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು:

"ಏನ್ರೀ, ನನಗೊಂದು ಬೇಸ್ ಗಿಟಾರ್ ಬೇಕಾಗ್ಯದ."

ನಾನು ಅದ್ದಿದ್ದ ಖಾರಿ ಬಿಸ್ಕೀಟು ಚಹಾದಲ್ಲಿ ಮುಳುಗಿ ಹೋಯಿತು.

"ಏನು ಬೇಕಾಗ್ಯದ?"

"ಬೇಸ್ ಗಿಟಾರ್. ದಪ್ಪ ತಂತಿ ಇರ್ತಾವಲ್ಲ, ಆರ್ಕೆಸ್ಟ್ರಾದಾಗ."

"ಬಾರ್ಸೋರು ಯಾರು?"

"ನಾನೇ. ಮತ್ತ ಯಾರು? ಸೋಮವಾರದ ಭಜನಿಗಿ."

ಐವತ್ತೊಂದು ವಯಸ್ಸು, ಎರಡೂ ಮೊಣಕಾಲು ನೋವು, ಹಣೆಯ ಮೇಲೆ ಆಗತಾನೆ ಹಚ್ಚಿದ ವಿಭೂತಿ. ಜ್ವರ ಬಂದಿದೆಯೇನೋ ಎಂದು ಅವಳ ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಆಗ ನಾನು ಜೋರಾಗಿ ನಕ್ಕುಬಿಟ್ಟೆ. "ಅಲ್ಲ, ಇಂಥಾ ದನಿ ಇದ್ದಾಕಿಗಿ ಗಿಟಾರ್ ಯಾಕ ಬೇಕು?" ಎಂದೆ.

ಮಹಾನಂದಾ ತನ್ನ ಚಹಾದ ಕಪ್ಪನ್ನು ಕೆಳಗಿಟ್ಟಳು.

"ನಾ ಹಾಡೂದು ಬಿಟ್ಟು ಎಂಟು ತಿಂಗಳಾತು. ನಿಮಗ ಖರೇನೇ ಗೊತ್ತಿಲ್ಲೇನು?"

ನನಗೆ ಖರೇನೇ ಗೊತ್ತಿರಲಿಲ್ಲ. ಹೋದ ವರ್ಷ ಅವಳ ಕೊರಳಿನ ಥೈರಾಯ್ಡ್ ಗಡ್ಡೆ ತೆಗೆಸಿದ್ದೆವು. ಡಾಕ್ಟರು ಮೊದಲೇ ಹೇಳಿದ್ದರಂತೆ, ಕೆಲವರಿಗೆ ಮೇಲಿನ ದನಿ ಹೋಗುವುದುಂಟು ಎಂದು. ನಾನೂ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಗಡ್ಡೆ ಕೆಟ್ಟದ್ದಲ್ಲ ಎಂಬುದೊಂದು ಮಾತು ಕಿವಿಗೆ ಬಿದ್ದದ್ದೇ ಉಳಿದದ್ದೆಲ್ಲ ಹೊರಗೇ ಉಳಿಯಿತು. ಮನೆಗೆ ಬಂದ ಮೇಲೆ ಅವಳ ಮಾತು ಮರಳಿ ಬಂತು, ಹಾಡು ಬರಲಿಲ್ಲ. ಸ್ವಲ್ಪ ಮೇಲೇರಿದರೆ ಸಾಕು, ಬರೀ ಗಾಳಿ. ಹಾಗೆಂದು ಯಾರಿಗೂ ಹೇಳದೆ, ಮಠದ ಸೋಮವಾರದ ಭಜನೆಯಲ್ಲಿ ಹನ್ನೊಂದು ಜನ ಹೆಂಗಸರ ನಡುವೆ ಕೂತು ಎಂಟು ತಿಂಗಳು ಬರೀ ತುಟಿ ಅಲ್ಲಾಡಿಸಿದ್ದಳು. ಹತ್ತು ಅಡಿ ಆಚೆ ಗಂಡಸರ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತ ನಾನಿದ್ದೆ. ಅದೂ ಹೋಗಲಿ. ಪ್ರತಿ ಸೋಮವಾರ ಮನೆಗೆ ನಡೆದು ಬರುವಾಗ "ಇವತ್ತ ನಿನ್ನ ಹಾಡು ಭಾಳ ಛಂದ ಆತು" ಎಂದು ಹೇಳುತ್ತಿದ್ದೆ. ಅವಳು "ಹೂಂ" ಎನ್ನುತ್ತಿದ್ದಳು.

ಬರೀ ತುಟಿ ಅಲ್ಲಾಡಿಸುವ ವಿದ್ಯೆ ನನಗೆ ಗೊತ್ತಿಲ್ಲದ್ದಲ್ಲ, ಅದೇ ನಾಚಿಕೆಯ ಮಾತು. ನಾನು ಹುಟ್ಟಿ ಬೆಳೆದ ಊರು ವಲಾಂಡಿಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಾನು ಬಾಯಿ ತೆರೆದರೆ ಮುಂದಿನ ಸಾಲಿನ ಹುಡುಗರು ಹಿಂತಿರುಗಿ ನೋಡುತ್ತಿದ್ದರು. ಕೊನೆಗೆ ಗುರುಗಳು ಹತ್ತಿರ ಬಂದು, ನೀನು ತುಟಿಯಷ್ಟೇ ಆಡಿಸಪ್ಪ, ದನಿ ತೆಗೆಯಬೇಡ ಎಂದು ಪ್ರೀತಿಯಿಂದಲೇ ಹೇಳಿದ್ದರು. ನಾಲ್ಕು ವರ್ಷ ನಿಷ್ಠೆಯಿಂದ ಅದನ್ನು ಮಾಡಿದೆ. ನನಗೆ ಇದ್ದದ್ದು ಕೈಗುಣ. ನಮ್ಮಪ್ಪ ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಕೊಳ್ಳುತ್ತಿದ್ದ. ನನಗೆ ಕಣ್ಣು ಮುಚ್ಚಿಸಿ, ಅಂಗೈಯಲ್ಲಿ ಒಂದು ಹಿಡಿ ಕಾಳು ಹಾಕಿ, ಯಾವುದು ಭಾರ ಹೇಳು ಎನ್ನುತ್ತಿದ್ದ. ಭಾರ ಇದ್ದದ್ದು ಬಲಿತ ಕಾಳು, ಹಗುರ ಇದ್ದದ್ದು ಹುಳ ತಿಂದದ್ದು ಅಥವಾ ಹಸಿಯಿದ್ದಾಗ ಕಿತ್ತದ್ದು. ನಾನು ತಪ್ಪುತ್ತಿರಲಿಲ್ಲ. ಅಪ್ಪ ಬಂದವರಿಗೆಲ್ಲ "ನಮ್ಮ ಹುಡುಗಂದು ಕೈಯಲ್ಲ, ತಕ್ಕಡಿ ಅದ" ಎಂದು ಹೇಳಿಕೊಳ್ಳುತ್ತಿದ್ದ. ಅಲ್ಲಿಂದ ಇಲ್ಲಿಯವರೆಗೆ ನಾನು ಹೆಸರುಕಾಳಿನಿಂದ ಹಿಡಿದು ಮಗಳ ಮದುವೆಯ ಪಾತ್ರೆಗಳವರೆಗೆ ಎಲ್ಲವನ್ನೂ ಎತ್ತಿ ನೋಡಿಯೇ ತಂದವನು.

ಎತ್ತಿ ನೋಡದೆ ಒಪ್ಪಿಕೊಂಡದ್ದು ಒಂದೇ ಒಂದು, ಮಹಾನಂದಾ. ದಾಳಿಂಬ ಎಂಬ ಊರಿಗೆ ಕನ್ಯೆ ನೋಡಲು ಹೋದಾಗ ನಮ್ಮ ಸೋದರತ್ತೆ ಹುಡುಗಿಗೆ "ಒಂದು ಹಾಡವ್ವಾ" ಎಂದಳು. ಹುಡುಗಿ ತಲೆ ಎತ್ತದೆ ಒಂದು ವಚನ ಹಾಡಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದವರ ಕೈ ನಿಂತಿತು. ಸಂಗೀತದ ಗಂಧ ಇಲ್ಲದ ನನಗೂ ಮೈ ಝುಂ ಎಂದಿತು. ಗಾಡಿ ಹತ್ತುವ ಮೊದಲೇ ಅಪ್ಪನಿಗೆ "ಇದೇ ಆಗ್ಲಿ" ಎಂದಿದ್ದೆ. ಯಾವ ದನಿ ಕೇಳಿ ಮದುವೆಯಾದೆನೋ ಆ ದನಿ ಹೋದದ್ದು ನನಗೆ ಎಂಟು ತಿಂಗಳು ತಿಳಿಯಲಿಲ್ಲ. ಇಂಥ ಮನುಷ್ಯನ ಜೊತೆ ಅವಳು ಅಷ್ಟು ಸೋಮವಾರ ನಡೆದುಕೊಂಡು ಮನೆಗೆ ಬಂದಿದ್ದಾಳೆ.

"ದೇವರ ಮುಂದ ಸುಳ್ಳು ಹಾಡಿದಂಗ ಆಗ್ಲತ್ತದ್ರೀ" ಎಂದಳು ಆ ಬೆಳಿಗ್ಗೆ. "ನಂದೂ ಒಂದು ಖರೇ ದನಿ ಅಲ್ಲಿ ಇರಬೇಕು. ಇಲ್ಲಂದ್ರ ಶ್ರಾವಣ ಮುಗಿದ ಮ್ಯಾಲ ಭಜನಿ ಬಿಟ್ಟುಬಿಡ್ತೀನಿ. ಖರೇನೇ ಬಿಡ್ತೀನಿ."

ಮೂವತ್ತು ವರ್ಷ ಸುಮ್ಮಸುಮ್ಮನೆ ಒಂದು ಸೋಮವಾರವೂ ತಪ್ಪಿಸದವಳು. ಹೆರಿಗೆಯಾಗಿ ಐದನೇ ವಾರಕ್ಕೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದವಳು. ಅವಳು ಬಿಡುತ್ತೇನೆ ಅಂದರೆ ಬಿಡುತ್ತಾಳೆ.

ಬೇಸ್ ಗಿಟಾರ್ ಅವಳ ತಲೆಯೊಳಗೆ ಹೊಕ್ಕಿದ್ದು ಕಾಸಾರಶಿರಸಿಯ ಒಂದು ಮದುವೆಯಲ್ಲಂತೆ. ಆರ್ಕೆಸ್ಟ್ರಾದವರು ಹಾಡುತ್ತಿದ್ದರು. ನಾನು ಊಟದ ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡಿದ್ದೆ. ಇವಳು ದೊಡ್ಡ ಸ್ಪೀಕರಿನ ಪಕ್ಕ ನಿಂತಿದ್ದಳು. "ಕಿವಿಗಿ ಬರಲಿಲ್ರೀ ಅದು. ಪಾದದಾಗ ಬಂದು ಎದಿಗಿ ಹತ್ತಿತು. ಮದಲ ನಾ ಹಾಡಿದ್ರ ಎದಿಯಾಗ ಹಿಂಗೇ ಆಗ್ತಿತ್ತು" ಎಂದಳು. ಬಾರಿಸುತ್ತಿದ್ದವರು ಖಾದರ್ ಭಾಯಿ, ನಮ್ಮ ಉದಗೀರದವರೇ, ಹಗಲು ಹಾರ್ಮೋನಿಯಂ ರಿಪೇರಿ ಮಾಡುವವರು. ಹಾಡು ಮುಗಿದ ಮೇಲೆ ಅವರ ಬಳಿ ಹೋಗಿ ಅದರ ಹೆಸರು ಕೇಳಿಕೊಂಡು ಬಂದಿದ್ದಳು.

ಒಳ್ಳೆಯ ಗಂಡನಾದವನು ಆಗ ಏನು ಮಾಡಬೇಕಿತ್ತು? ಖಾದರ್ ಭಾಯಿಯ ಅಂಗಡಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಬೇಕಿತ್ತು. ನನಗೆ ಎಂಟು ತಿಂಗಳ ಪಾಪ ಒಂದೇ ದಿನದಲ್ಲಿ ತೊಳೆದುಕೊಳ್ಳುವ ಅವಸರ. ಮಾರನೇ ದಿನ ತೊಗರಿಯ ಕೆಲಸಕ್ಕೆ ಉಮರ್ಗಾಕ್ಕೆ ಹೋಗುವುದಿತ್ತು. ಹೆದ್ದಾರಿಯ ಮೇಲೆ ಬ್ಯಾಂಡಿನ ಸಾಮಾನು ಮಾರುವ ಅಂಗಡಿ ಕಂಡಿತು. ಹೊಕ್ಕೆ.

ಅಂಗಡಿಯವ ಮೂರು ಗಿಟಾರು ತೆಗೆದು ಮುಂದಿಟ್ಟ. ಹಾಡು ಯಾವ ನಮೂನೆಯದು ಎಂದು ಕೇಳಿದ. "ಹಾಡು ಹಾಡೇ, ಅದರಾಗೇನು ನಮೂನಿ?" ಎಂದು ನಾನು ಒಂದೊಂದನ್ನೇ ಎತ್ತತೊಡಗಿದೆ. ಮೊದಲನೆಯದು ಹಗುರ, ನಾಲ್ಕು ತಂತಿ. ಎರಡನೆಯದು ಸುಮಾರು. ಮೂರನೆಯದನ್ನು ಎತ್ತಿದೆ ನೋಡಿ, ತೋಳು ಕೆಳಗೆ ಜಗ್ಗಿತು. ಐದು ತಂತಿ, ಉದ್ದನೆಯ ಕುತ್ತಿಗೆ, ಕೆಂಪು ಬಣ್ಣ. ಬಲಿತ ಕಾಳು ಇದೇ ಎಂದು ನನ್ನ ಅಂಗೈ ಹೇಳಿತು. ಬೆಲೆಯೂ ಎರಡನೆಯದಕ್ಕಿಂತ ತುಸುವೇ ಹೆಚ್ಚು, ಮೇಲೆ ಒಂದು ತಂತಿ ಲಾಭ. ಬಾರಿಸಿ ತೋರಿಸಲೇ ಎಂದು ಅವನು ಕೇಳಿದರೆ ಬೇಡ ಎಂದೆ. ಚೌಕಾಸಿಗೆ ಕೂತಾಗ, ದನದ ಸಂತೆಯಲ್ಲಿ ಅಪ್ಪ ಯಾರಿಗೂ ಕಾಣದಂತೆ ಬೆರಳು ಒತ್ತಿ ಬೆಲೆ ಹೇಳುತ್ತಿದ್ದ ಹಾಗೆ, ಗೊತ್ತಿಲ್ಲದೆ ಅವನ ಕೈ ಮೇಲೆ ನನ್ನ ಟವೆಲು ಹೊದಿಸಿ ಬೆರಳು ಹಿಡಿಯಹೋದೆ. ಅವನು ಹೌಹಾರಿ ಕೈ ಎಳೆದುಕೊಂಡ. ಆದರೂ ವ್ಯವಹಾರ ಕುದುರಿತು, ಒಂದು ಸಣ್ಣ ಸ್ಪೀಕರ್ ಡಬ್ಬಿಯನ್ನೂ ಸೇರಿಸಿ ಕೊಟ್ಟ. ಬಸ್ಸಿನಲ್ಲಿ ಅದನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಬರುವಾಗ, ನಿಲಂಗಾ ದಾಟುವವರೆಗೂ ಮಗ್ಗುಲ ಮುದುಕಪ್ಪ ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ನಾನು ಎಬ್ಬಿಸಲಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ಮಹಾನಂದಾ ಚೀಲ ಬಿಚ್ಚಿ ನೋಡಿದಳು. "ಅಯ್ಯ, ಎಷ್ಟು ದೊಡ್ಡದದ!" ಎಂದಳು. ಅದನ್ನು ಹೊಗಳಿಕೆ ಎಂದೇ ತಿಳಿದೆ.

ಭಜನೆಗೆ ಕೂರುವುದು ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ. ಹಾಗೆ ಕೂತು ತೊಡೆಯ ಮೇಲಿಟ್ಟರೆ ಗಿಟಾರಿನ ತುದಿ ಅಡುಗೆಮನೆಯ ಹೊಸ್ತಿಲು ಮುಟ್ಟುತ್ತಿತ್ತು. ಅವಳ ಸಣ್ಣ ಕೈ ಅರ್ಧ ದಾರಿಯಲ್ಲೇ ಸೋಲುತ್ತಿತ್ತು. ಎಲ್ಲಕ್ಕಿಂತ ದಪ್ಪನೆಯ ಐದನೇ ತಂತಿ ಮುಟ್ಟಿದರೆ ಆ ಸಣ್ಣ ಸ್ಪೀಕರು ಗೊರಗೊರ ಎಂದು ಕಫ ಕಟ್ಟಿದವರ ಹಾಗೆ ಸದ್ದು ಮಾಡುತ್ತಿತ್ತು. ಅವಳು ದೂರಲಿಲ್ಲ. ಎರಡು ವಾರ, ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ಕೂತು ಅದರ ಜೊತೆ ಗುದ್ದಾಡಿದಳು. ಶ್ರಾವಣ ಹತ್ತಿರ ಬಂತು. ಒಂದು ದಿನ ಅವಳು ಎಡ ಭುಜಕ್ಕೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುವುದನ್ನು ಕಂಡೆ. ಏನಾಯಿತು ಎಂದರೆ ಏನಿಲ್ಲ ಎಂದಳು. ಈ ಸಲ ಅವಳ ಮಾತು ನಂಬಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಖಾದರ್ ಭಾಯಿಯ ಅಂಗಡಿಗೆ ಹೋಗಿ ಅವರನ್ನು ಕರೆತಂದೆ.

ಅವರು ಕೆಂಪು ಗಿಟಾರನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಮಾಲಕ, ಇದನ್ನ ಏನು ನೋಡಿ ತಂದ್ರಿ?"

"ತೂಕ ನೋಡಿ" ಎಂದೆ.

ಖಾದರ್ ಭಾಯಿ ನಗದಿರಲು ಬಹಳ ಕಷ್ಟಪಟ್ಟರು. "ಯಾ ಅಲ್ಲಾ! ಅಲ್ರೀ ಮಾಲಕ, ಮೊದಲ ಹಾಡು ಕೇಳಬೇಕು, ಆಮ್ಯಾಲ ಗಿಟಾರ್ ನೋಡಬೇಕು. ನೀವು ಎರಡೂ ಬಿಟ್ಟೀರಿ." ಮಹಾನಂದಾಳ ಕಡೆ ತಿರುಗಿ, "ಅಕ್ಕಾ, ನಿಮ್ಮ ಭಜನಿ ಯಾವ ಪಟ್ಟ್ಯಾಗ ಹಾಡ್ತೀರಿ?" ಎಂದರು.

"ಕಾಳಿ ಎರಡು" ಎಂದಳು ಥಟ್ಟನೆ. ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿಗೆ ಹಾಗೆನ್ನುತ್ತಾರೆಂದು ನನಗೆ ಆವತ್ತು ಗೊತ್ತಾಯಿತು.

"ಸಂಗಾಟ ಏನೇನು ಇರ್ತಾವ?"

"ಹಾರ್ಮೋನಿಯಂ ಪೇಟಿ, ಏಕತಾರಿ, ದಿಮ್ಮಡಿ, ಆರು ಜೋಡು ತಾಳ."

"ಕೇಳ್ರಿ ಮಾಲಕ" ಎಂದು ಅವರು ನನಗೆ ಪಾಠ ಹೇಳಿದರು. "ನಾಚಗಾಣ್ಯಾಗ ಈ ತಂತಿ ಟಣ್ ಅನ್ನಬೇಕು. ನಿಮ್ಮ ಭಜನ್ಯಾಗ ತಾಳ ಮೊದಲೇ ಟಣ್ ಅಂತದ, ಇದೂ ಟಣ್ ಅಂದ್ರ ಜಗಳ ಆಗ್ತದ. ಭಜನಿಗಿ ಮೆತ್ತನ್ನ ದನಿ ಬೇಕು, ಎಲ್ಲಾರ ಬುಡಕ ಚಾಪಿ ಹಾಸಿದಂಗ. ಅದಕ್ಕ ನುಣ್ಣಗ ಸುತ್ತಿದ ತಂತಿ ಹಾಕಬೇಕು. ನಾಕ ತಂತಿ ರಗಡ ಆತು. ಅಕ್ಕ ನೆಲದ ಮ್ಯಾಲ ಕುಂಡ್ರೋರು, ಗಿಡ್ಡ ಕುತ್ತಿಗಿದು ಬೇಕು, ಹಗುರಂದು ಬೇಕು. ಗಿಟಾರ್ ಸಸ್ತಾ ಇದ್ರೂ ಚಿಂತಿಲ್ಲ, ಉಳಿದ ರೊಕ್ಕ ಛಲೋ ಸ್ಪೀಕರಿಗಿ ಹಾಕ್ರಿ. ಮತ್ತ ಒಂದು ಮಾತು, ಗಿಟಾರ್ ಭಾರ ಇದ್ರ ದನಿ ಭಾರ ಆಗಂಗಿಲ್ಲ."

ಐವತ್ತು ವರ್ಷ ನಂಬಿಕೊಂಡು ಬಂದ ಅಂಗೈ ಅವತ್ತು ನನ್ನನ್ನು ನಡುಬೀದಿಯಲ್ಲಿ ಕೈಬಿಟ್ಟಿತು. ಅವರು ಅಂಗಡಿಯಿಂದ ತಮ್ಮದೇ ಒಂದು ಹಳೆಯ ಗಿಟಾರನ್ನು ತರಿಸಿದರು, ತಾವು ಕಲಿಯುವಾಗಿನದು. ಬಣ್ಣ ಹೋಗಿ ಮರ ಕಾಣುತ್ತಿತ್ತು. ಎತ್ತಿದರೆ ಖಾಲಿ ಗೋಣಿಚೀಲದಷ್ಟು ಹಗುರ. ತೊಗರಿಯಾಗಿದ್ದರೆ ನಾನು ಅಂಗಳದೊಳಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮಹಾನಂದಾ ಅದನ್ನು ಸ್ಪೀಕರಿಗೆ ಹಚ್ಚಿ, ತೊಡೆಯ ಮೇಲಿಟ್ಟುಕೊಂಡು ಒಂದೇ ಒಂದು ತಂತಿ ಮೀಟಿದಳು. ದೇವರ ಜಗಲಿಯ ಮೇಲಿದ್ದ ತಾಮ್ರದ ತಂಬಿಗೆ ಸಣ್ಣಗೆ ಗುಂಯ್‌ಗುಟ್ಟಿತು. ನಾನು ಬೆಚ್ಚಿಬಿದ್ದೆ. ಅವಳು ನನ್ನ ಕಡೆ ನೋಡಿದಳು, ಕಣ್ಣಲ್ಲಿ ನೀರಿತ್ತು. ಕೆಂಪು ಗಿಟಾರನ್ನು ಖಾದರ್ ಭಾಯಿ ಒಯ್ದು ಆರ್ಕೆಸ್ಟ್ರಾದ ಒಬ್ಬರಿಗೆ ಮಾರಿಸಿಕೊಟ್ಟರು. ಅದು ಈಗ ಸುತ್ತಲಿನ ಮದುವೆಗಳಲ್ಲಿ ಟಣ್ ಎನ್ನುತ್ತ ಸುಖವಾಗಿದೆ.

ಇನ್ನು ಮಠ. ಭಜನೆಯ ಮುಂದಾಳು ಕಾಶೀಬಾಯಿ ಕಾಕು. ಎಪ್ಪತ್ತೆರಡು ವರ್ಷ, ತಾಳ ತಪ್ಪಿದವರನ್ನು ಕಣ್ಣಲ್ಲೇ ಸುಡುವವಳು. ಮಹಾನಂದಾ ಹೋಗಿ ಎಂಟು ತಿಂಗಳ ಗುಟ್ಟನ್ನೂ ಹೇಳಿ, ಗಿಟಾರಿನ ಮಾತನ್ನೂ ಎತ್ತಿದಳು. ಕಾಕು ಗುಟ್ಟಿನ ಬಗ್ಗೆ ಏನೂ ಅನ್ನಲಿಲ್ಲ. ಗಿಟಾರಿಗೆ ಮಾತ್ರ, "ಮಠದಾಗ ಆರ್ಕೆಸ್ಟ್ರಾ ಮಾಡ್ತೀಯೇನ? ಹಿಂದ ಗ್ವಾಡಿಗಿ ಹತ್ತಿ ಕುಂಡ್ರು. ನಮ್ಮ ಹಾಡಿನ ಮ್ಯಾಲ ಬಿದ್ದೀ ಅಂದ್ರ ಅವತ್ತೇ ಬಂದ್!" ಎಂದಳು.

ಶ್ರಾವಣದ ಮೊದಲ ಸೋಮವಾರ ಸಂಜೆ ಐದಕ್ಕೆ ಮಹಾನಂದಾ ಹಿಂದಿನ ಗೋಡೆಗೆ ಒರಗಿ ಕೂತಳು. ಸೀರೆಯ ಸೆರಗಿನ ಕೆಳಗೆ ಆ ಬೋಳು ಗಿಟಾರು, ಪಕ್ಕದಲ್ಲಿ ಹೊಸ ಸ್ಪೀಕರು. ಬಾರಿಸಿದ್ದು ಎರಡೇ ಸ್ವರ, ಅದೂ ಹೆದರಿ ಹೆದರಿ. ನಾನು ಮಾತ್ರ ಅವತ್ತು ಕಣ್ಣು ಮುಚ್ಚಲಿಲ್ಲ. ಭಜನೆ ಮುಗಿಯಿತು, ಪ್ರಸಾದ ಹಂಚಿದರು, ಎಲ್ಲರೂ ಮೊಮ್ಮಕ್ಕಳ ಮಾತು, ಸೋಯಾಬೀನಿನ ಮಾತು ಆಡುತ್ತ ಚಪ್ಪಲಿ ಹುಡುಕಿದರು. ಛಂದ ಆಯಿತು ಎಂದು ಒಬ್ಬರೂ ಹೇಳಲಿಲ್ಲ, ಕೆಟ್ಟದಾಯಿತು ಎಂದೂ ಹೇಳಲಿಲ್ಲ. ಎರಡನೇ ಸೋಮವಾರವೂ ಅದೇ, ಮೂರನೆಯದೂ ಅದೇ. ನಡೆದು ಬರುವಾಗ ನನ್ನ ನಾಲಿಗೆ ತುದಿಗೆ ಹಳೆಯ ಹೊಗಳಿಕೆ ಬಂದು ಬಂದು ವಾಪಸು ಹೋಗುತ್ತಿತ್ತು. ನನ್ನ ಹೊಗಳಿಕೆಗೆ ಈಗ ಏನು ಬೆಲೆ?

"ಯಾರಿಗೂ ಕೇಳ್ಸೂದೇ ಇಲ್ಲ ಕಾಣ್ತದ" ಎಂದಳು ಮೂರನೇ ಸೋಮವಾರ. "ನಾ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ಬರೂ ಸೋಮವಾರ ಶ್ರಾವಣಂದು ಕಡೀದು. ಅದೊಂದು ಮುಗಿಸಿ ಬಿಡ್ತೀನ್ರೀ."

ನಾನು ಸ್ಪೀಕರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ನಡೆದೆ.

ಕಡೆಯ ಸೋಮವಾರ ಮಠ ತುಂಬಿತ್ತು. ಎರಡು ವಚನ ಆದವು. ಮೂರನೆಯದು ಏರುತ್ತಿತ್ತು, ಕಾಶೀಬಾಯಿ ಕಾಕು ಕಣ್ಣು ಮುಚ್ಚಿ ಮೇಲಿನ ಸಾಲು ಎತ್ತಿಕೊಂಡಿದ್ದಳು. ಆಗ ಕರೆಂಟು ಹೋಯಿತು. ಫ್ಯಾನು ನಿಂತಿತು, ಅದರ ಜೊತೆ ಗಿಟಾರೂ ನಿಂತಿತು. ಇಷ್ಟು ವರ್ಷ ಎಷ್ಟೋ ಸಲ ಹೀಗೆ ಕರೆಂಟು ಹೋಗಿದೆ, ಭಜನೆ ಒಂದು ಸಲವೂ ನಿಂತದ್ದಿಲ್ಲ. ಅವತ್ತು ಏನಾಯಿತೋ, ಕಾಲ ಕೆಳಗಿನ ನೆಲ ಯಾರೋ ಎಳೆದುಕೊಂಡ ಹಾಗೆ ಹೆಂಗಸರ ದನಿಗಳು ಒಂದೊಂದಾಗಿ ಕುಸಿದವು. ಒಬ್ಬಳ ತಾಳ ಮುಂದೆ ಓಡಿತು, ಇನ್ನೊಬ್ಬಳು ನಿಂತೇಬಿಟ್ಟಳು. ನನಗೂ ಕೇಳಿಸಿತು. ದೇವರಾಣೆ, ಸಂಗೀತದ ಕಿವಿಯಿಲ್ಲದ ನನಗೂ ಮಹಾನಂದಾ ಇಲ್ಲದ್ದು ಕೇಳಿಸಿತು.

ಕಾಕು ಕಣ್ಣು ತೆರೆದು ಗೋಡೆಯ ಕಡೆ ಹೊರಳಿದಳು.

"ಯಾಕ ನಿಂತಿ?"

"ಲೈಟ್ ಹೋಗ್ಯದ ಕಾಕು" ಎಂದಳು ಮಹಾನಂದಾ, ತಪ್ಪು ತನ್ನದೇ ಎಂಬಂತೆ. "ನೀವು ಹಾಡ್ರಿ."

ಯಾರೋ ಮತ್ತೆ ಸಾಲು ಎತ್ತಲು ಹೋದರು. ಕಾಕು ತಾಳವನ್ನು ನೆಲಕ್ಕಿಟ್ಟಳು.

"ಆಕಿ ಹಾಡ್ಲಾರದ ನಾವ್ಯಾಂಗ ಹಾಡೂದು? ಕುಂಡ್ರಿ ಸುಮ್ಮ. ಲೈಟ್ ಬರ್ಲಿ."

ಹನ್ನೊಂದು ಜನ ಹೆಂಗಸರು ಕೈ ಕಟ್ಟಿ ಕೂತರು. ಗಂಡಸರ ಸಾಲೂ ಮಿಸುಕಲಿಲ್ಲ. ಮಹಾನಂದಾ ತಲೆ ತಗ್ಗಿಸಿ ಸೆರಗಿನಿಂದ ತಂತಿ ಒರೆಸುತ್ತಿದ್ದಳು, ಅವು ಒದ್ದೆಯಾಗುತ್ತಲೇ ಇದ್ದವು. ನನಗೆ ಅಲ್ಲಿ ಕೂರಲು ಆಗಲಿಲ್ಲ. ಎದ್ದು ಅಂಗಳಕ್ಕೆ ಬಂದು ಲೈನ್‌ಮನ್‌ಗೆ ಫೋನು ಹಚ್ಚಿದೆ. ಅವನೂ ವಲಾಂಡಿಯವನೇ. ಮಠದ ಲೈಟು ಈಗಿಂದೀಗ ಬರಬೇಕು ಎಂದು ಕೂಗಿದೆ.

"ಯಾಕ್ರೀ ಮಾಲಕ, ಏನಾಗ್ಯದ ಅಲ್ಲಿ?" ಎಂದ ಅವನು ಗಾಬರಿಯಿಂದ.

"ನನ್ನ ಹೆಂಡ್ತಿ ಹಾಡ್ಲತ್ತಾಳಪ್ಪಾ" ಎಂದೆ. "ಅರ್ಧಕ್ಕ ನಿಂತದ."